ಕಪ್ ಮೊದಲೋ, ಲೀಗ್ ಮೊದಲೋ

— ಸಾರ್, ನಮ್ಮ ಕೋಲಾರ ಜಿಲ್ಲೆಯ ಡಿಗ್ರಿ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್‌ಗೆ ವರ್ಷಕ್ಕೊಂದು ಪ್ರಶಸ್ತಿ ಇಡೋಣ ಅಂತ ನಾವು ಹಳೇ ಆಟಗಾರರು ಮಾತಾಡಿಕೊಂಡಿದ್ದೀವಿ. ವರ್ಷದ ಉತ್ತಮ ಆಟಗಾರ, ವರ್ಷದ ಉತ್ತಮ ಆಟಗಾರ್ತಿ. ನಿಮ್ಮ ಅಭಿಪ್ರಾಯ ಕೇಳದೆ ಹೆಜ್ಜೆ ಇಡಬಾರದು ಅಂತ ಬಂದೆ.

— ಒಳ್ಳೇದಾಯ್ತು ಬಂದಿದ್ದು. ಪ್ರಶಸ್ತಿ ಯಾರಿಗೆ ಕೊಡ್ತೀರಮ್ಮ?

— ವರ್ಷದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದವರಿಗೆ.

— ‘ವರ್ಷದಲ್ಲಿ’ ಅಂದ್ಯಲ್ಲ, ಅಲ್ಲೇ ಸಿಕ್ಕಿಹಾಕಿಕೊಂಡೆ. ನಮ್ಮ ಮಕ್ಕಳಿಗೆ ವರ್ಷ ಅನ್ನೋದು ಎಲ್ಲಿದೆ? ಇಂಟರ್‌ಕಾಲೇಜ್ ಅಂದರೆ ಎರಡು ದಿನದ ನಾಕೌಟು, ಬಹಳ ಅಂದರೆ ಮೂರು ದಿನ. ಶ್ರೀನಿವಾಸಪುರದ ಹುಡುಗರು ಬೆಳಗಿನ ಮೊದಲ ಬಸ್ ಹಿಡಿದು ಬರ್ತಾರೆ. ಡ್ರಾ ಎತ್ತಿದಾಗ ಬೆಂಗಳೂರಿನ ದೊಡ್ಡ ಕಾಲೇಜು ಎದುರಿಗೆ ಬಿತ್ತು ಅಂತಿಟ್ಟುಕೋ. ಹತ್ತು ನಿಮಿಷದ ನಾಲ್ಕು ಕ್ವಾರ್ಟರು, ಮುಗೀತು. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಅವರ ವರ್ಷ ಕಳೆದುಹೋಗಿರುತ್ತೆ. ಆ ಐದು ಜನರಲ್ಲಿ ಒಬ್ಬ ಅದ್ಭುತ ಆಟಗಾರ ಇದ್ದರೂ ಅವನನ್ನ ನೋಡಿದವರು ಯಾರು? ಎದುರಾಳಿ ತಂಡ, ಇಬ್ಬರು ರೆಫರಿ, ಟೇಬಲ್ಲಿನಲ್ಲಿ ಕೂತ ಸ್ಕೋರರ್, ಅಷ್ಟೇ.

— ಬೆಂಗಳೂರಿನ ಕಾಲೇಜು ಎದುರಾಗೋದು ತಪ್ಪೋದಿಲ್ಲ ಸಾರ್. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಒಡೆದು ನಮ್ಮ ಟಮಕದಲ್ಲಿ ಉತ್ತರ ವಿಶ್ವವಿದ್ಯಾಲಯ ಆದಮೇಲೆ ಹೆಸರಿಗೆ ಯೂನಿವರ್ಸಿಟಿ ನಮ್ಮೂರಿಗೆ ಬಂತು. ಆದರೆ ನಗರದ ಒಂದು ಭಾಗವೂ ಅದರೊಳಗೇ ಇದೆ. ಅವರಿಗೆ ಮರದ ನೆಲದ ಒಳಾಂಗಣ, ಸಂಬಳದ ಕೋಚು. ನಮಗೆ ಸಿಮೆಂಟ್ ಅಂಗಳ. ಮಳೆ ಬಂದರೆ ಪ್ರಾಕ್ಟೀಸ್‌ಗೆ ರಜ.

— ಅದನ್ನ ದೂರಿ ಪ್ರಯೋಜನ ಇಲ್ಲ ಬಿಡು. ನಾನು ಹೇಳ್ತಿರೋದು ಬೇರೆ. ಒಂದೇ ಮ್ಯಾಚಿನಲ್ಲಿ ಯಾರು ಬೇಕಾದರೂ ಮಿಂಚಬಹುದು. ನಮ್ಮ ಎ.ಪಿ.ಎಂ.ಸಿ.ಯಲ್ಲಿ ಟೊಮೇಟೊ ಬಾಕ್ಸಿನ ಮೇಲಿನ ಸಾಲು ನೋಡಿ ರೇಟು ಕೂಗೋ ವ್ಯಾಪಾರಿ ಇದ್ದಾನಾ? ಕೈಹಾಕಿ ಕೆಳಗಿನ ಸಾಲು ತಿರುವಿ ನೋಡ್ತಾನೆ. ನೀವು ಮೇಲಿನ ಸಾಲು ನೋಡಿ ಪ್ರಶಸ್ತಿ ಕೊಡೋಕೆ ಹೊರಟಿದ್ದೀರ.

— ಅಮೆರಿಕದಲ್ಲಿ ಕೊಡ್ತಾರಲ್ಲ ಸಾರ್. ನಮ್ಮಕ್ಕನ ಮಗ ನಾರ್ತ್ ಕೆರೊಲಿನಾದ ಷಾರ್ಲಟ್‌ನಲ್ಲಿ ಕೆಲಸಕ್ಕಿದ್ದಾನೆ, ಅವನೇ ನನಗೆ ಈ ಹುಚ್ಚು ಹತ್ತಿಸಿದ್ದು. ಅಲ್ಲಿ ಹತ್ತು ಹನ್ನೆರಡು ಕಾಲೇಜು ಸೇರಿ ಒಂದು ಕೂಟ ಕಟ್ಟಿಕೊಳ್ತಾರೆ, ಕಾನ್ಫರೆನ್ಸ್ ಅಂತಾರೆ. ಪ್ರತಿ ಕೂಟಕ್ಕೂ ವರ್ಷದ ಕೊನೆಗೆ ಒಬ್ಬ ಉತ್ತಮ ಆಟಗಾರ. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಅಂತ ಒಂದಿದೆ, ಅದರ ಮೊದಲ ಪ್ರಶಸ್ತಿ 1954ರಲ್ಲಿ ವೇಕ್ ಫಾರೆಸ್ಟ್ ಕಾಲೇಜಿನ ಡಿಕ್ಕಿ ಹೆಮ್ರಿಕ್‌ಗೆ ಬಂತು, ಮರುವರ್ಷವೂ ಅವನಿಗೇ. ಡೇವಿಡ್ ಥಾಂಪ್ಸನ್, ರಾಲ್ಫ್ ಸ್ಯಾಂಪ್ಸನ್ ಇಬ್ಬರೂ ಮೂರು ಮೂರು ಸಲ ತಗೊಂಡಿದ್ದಾರೆ.

— ಆ ಕೂಟ ಶುರುವಾಗಿದ್ದು ಯಾವಾಗ?

— 1953ರಲ್ಲಿ.

— ನೋಡಿದೆಯಾ? ಕೂಟ ಮೊದಲು, ಒಂದು ಸೀಸನ್ ಆಟ, ಆಮೇಲೆ ಪ್ರಶಸ್ತಿ. ನೀವು ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಿದ್ದೀರ.

— ನೀವು ಹೀಗಂತೀರ ಅಂತ ಗೊತ್ತಿತ್ತು. ಆದರೆ ಸ್ಟೀಫನ್ ಕರಿ ಕಥೆ ಕೇಳಿ. ಇವತ್ತು ನಮ್ಮ ಮಾಲೂರಿನ ಹೈಸ್ಕೂಲ್ ಹುಡುಗನೂ ಕರಿ ಹೆಸರಿನ ಬನಿಯನ್ ಹಾಕ್ತಾನೆ. ಕಾಲೇಜಿಗೆ ಸೇರೋ ವಯಸ್ಸಿನಲ್ಲಿ ಅವನು ಸಣಕಲು. ಅಪ್ಪ ಓದಿದ ವರ್ಜೀನಿಯಾ ಟೆಕ್‌ನವರು ಕೂಡ ಸ್ಕಾಲರ್‌ಶಿಪ್ ಕೊಡಲಿಲ್ಲ. ಬೇಕಾದರೆ ಸ್ಕಾಲರ್‌ಶಿಪ್ ಇಲ್ಲದೆ ತಂಡಕ್ಕೆ ಬಂದು ಸೇರಿಕೋ ಅಂದರು. ಕೊನೆಗೆ ಸೇರಿದ್ದು ಡೇವಿಡ್‌ಸನ್ ಅನ್ನೋ ಪುಟ್ಟ ಕಾಲೇಜು. ಎರಡು ಸಾವಿರ ವಿದ್ಯಾರ್ಥಿಗಳೂ ಇಲ್ಲ. ಷಾರ್ಲಟ್‌ನಿಂದ ಅಲ್ಲಿಗೆ ಹೆಚ್ಚು ಕಮ್ಮಿ ಕೋಲಾರದಿಂದ ಮುಳಬಾಗಿಲಿಗಿರೋಷ್ಟೇ ದೂರ. ಅಲ್ಲಿ ಅವನು 2008 ಮತ್ತು 2009ರಲ್ಲಿ ಸದರ್ನ್ ಕಾನ್ಫರೆನ್ಸಿನ ವರ್ಷದ ಆಟಗಾರ. ದೊಡ್ಡವರು ಬೇಡ ಅಂದ ಹುಡುಗನನ್ನ ಸಣ್ಣ ಕೂಟ ಗುರುತಿಸ್ತು ಸಾರ್. ನಮಗೆ ಬೇಕಾಗಿರೋದು ಅದೇ.

— ಹೇಗೆ ಗುರುತಿಸ್ತು, ಅದನ್ನ ಹೇಳು.

— ಹೇಗೆ ಅಂದರೆ?

— 2007-08ರಲ್ಲಿ ಆ ಕೂಟದಲ್ಲಿ 11 ಕಾಲೇಜು. ಒಬ್ಬೊಬ್ಬರೂ ಉಳಿದ ಹತ್ತು ಕಾಲೇಜುಗಳ ಜೊತೆ ಎರಡೆರಡು ಸಲ ಆಡ್ತಾರೆ. ಒಂದು ತಮ್ಮ ಅಂಗಳದಲ್ಲಿ, ಒಂದು ಅವರ ಅಂಗಳದಲ್ಲಿ. ಒಟ್ಟು 20 ಪಂದ್ಯ. ಡೇವಿಡ್‌ಸನ್ ಇಪ್ಪತ್ತಕ್ಕೆ ಇಪ್ಪತ್ತೂ ಗೆದ್ದಿತು. ನಾನೂ ಓದಿದ್ದೀನಿ ಕಣಮ್ಮ, ರಿಟೈರ್ ಆದಮೇಲೆ ಇನ್ನೇನು ಕೆಲಸ. ಅಂದರೆ ಆ ಕೂಟದ ಪ್ರತಿಯೊಬ್ಬ ಕೋಚೂ ಆ ಹುಡುಗನನ್ನ ಎದುರಿನಿಂದ ಎರಡೆರಡು ಸಲ ನೋಡಿದ್ದ. ಮೊದಲನೇ ಸಲ ಸೋತು ಹೋದವನು ಎರಡನೇ ಸಲ ಅವನ ಮೇಲೆ ಇಬ್ಬರನ್ನ ಬಿಟ್ಟು ನೋಡಿರ್ತಾನೆ. ಅದನ್ನೂ ದಾಟಿ ಅವನು ಆಡಿದ್ದಕ್ಕೆ ಪ್ರಶಸ್ತಿ. ಅದೇ ಮಾರ್ಚಿನಲ್ಲಿ ರಾಷ್ಟ್ರ ಮಟ್ಟದಲ್ಲಿ ಗಾನ್‌ಜಾಗ, ಜಾರ್ಜ್‌ಟೌನ್, ವಿಸ್ಕಾನ್ಸಿನ್ ಮೂರನ್ನೂ ಸೋಲಿಸಿ, ಕ್ಯಾನ್ಸಸ್ ಎದುರು 59-57ರಲ್ಲಿ ಸೋತರು. ದೇಶಕ್ಕೆ ಆಗ ಗೊತ್ತಾಯ್ತು, ಕೂಟದವರಿಗೆ ಮುಂಚೆಯೇ ಗೊತ್ತಿತ್ತು.

— ಸರಿ ಸಾರ್, ಒಪ್ಪಿದೆ. ಆದರೂ ಇಲ್ಲಿ ಏನೂ ಇಲ್ಲದೇ ಇದ್ದಾಗ ಒಂದು ಪ್ರಶಸ್ತಿಯಾದರೂ ಇದ್ದರೆ ಮಕ್ಕಳಿಗೆ ಆಸೆ ಹುಟ್ಟುತ್ತೆ ಅನ್ನೋದು ನನ್ನ ವಾದ.

— ಏನೂ ಇಲ್ಲ ಅಂತ ಯಾಕಂತೀಯ? ಬ್ಲೂ ಇತ್ತಲ್ಲ. ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾಗಿ ಸೌತ್ ಝೋನ್ ಆಡಿ ಬಂದರೆ ಬ್ಲೇಜರ್ ಹಾಕ್ಕೊಂಡು ಕಾಲೇಜಿಗೆ ಬರೋ ಗತ್ತು ನೀನು ನೋಡಿಲ್ಲವಾ? ಏಪ್ರಿಲ್ ಬಿಸಿಲಲ್ಲೂ ಬಿಚ್ಚುತ್ತಿರಲಿಲ್ಲ.

— ಬ್ಲೂ ಸಿಗೋದು ತಂಡದಲ್ಲಿ ಇದ್ದಿದ್ದಕ್ಕೆ ಸಾರ್. ಬೆಂಚಿನ ಮೇಲೆ ಕೂತು ಬಂದವರಿಗೂ ಸಿಗುತ್ತೆ. ನಮ್ಮ ದೇಶದಲ್ಲಿ ಕಾಲೇಜು ಆಟದ ದೊಡ್ಡ ಗೌರವಗಳನ್ನೇ ನೋಡಿ. 1956-57ರಿಂದ ಇರೋ ಮೌಲಾನಾ ಆಜಾದ್ ಟ್ರೋಫಿ ಯೂನಿವರ್ಸಿಟಿಗೆ. 2022ರಲ್ಲಿ ಬೆಂಗಳೂರಲ್ಲೇ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಆಯ್ತಲ್ಲ, ಸಮಗ್ರ ಪ್ರಶಸ್ತಿ ಜೈನ್ ವಿಶ್ವವಿದ್ಯಾಲಯಕ್ಕೆ ಹೋಯ್ತು. ಫೋಟೋದಲ್ಲಿ ಕಪ್ ಹಿಡಿದು ಮುಂದೆ ನಿಲ್ಲೋರು ಆಡಳಿತದವರು. ಆಡಿದವರ ಹೆಸರು ಪೇಪರಿನಲ್ಲಿ ಕೊನೇ ಸಾಲು.

— ಆಡಿದವರಿಗೆ ಬೇರೆ ಪ್ರಶಸ್ತಿ ಇತ್ತಮ್ಮ. ಅದಕ್ಕೆ ಅಪಾಯಿಂಟ್‌ಮೆಂಟ್ ಆರ್ಡರ್ ಅಂತ ಹೆಸರು. ವಿಜಯಾ ಬ್ಯಾಂಕಿನ ಬ್ಯಾಸ್ಕೆಟ್‌ಬಾಲ್ ತಂಡ ಅಂದರೆ ಏನು ಅಂದುಕೊಂಡಿದ್ದೀಯ! ಕಾಲೇಜಿನಲ್ಲಿ ಚೆನ್ನಾಗಿ ಆಡಿದ ಹುಡುಗನ ಮನೆಯವರು ಕಪ್ ಬಗ್ಗೆ ಕೇಳ್ತಿರಲಿಲ್ಲ, ಬ್ಯಾಂಕಿನವರು ನೋಡಿಕೊಂಡು ಹೋದರಾ, ರೈಲ್ವೆಯವರು ಬಂದಿದ್ದರಾ ಅಂತ ಕೇಳ್ತಿದ್ದರು. ಬ್ಯಾಂಕಿನ ಕೌಂಟರಿನಲ್ಲಿ ಆರು ಅಡಿ ಮೂರಂಗುಲದ ಗುಮಾಸ್ತ ನಿಂತಿದ್ದರೆ ಅವನು ಫಾರ್ವರ್ಡ್ ಆಡಿದವನೇ ಅಂತ ಕಣ್ಣುಮುಚ್ಚಿ ಹೇಳಬಹುದಿತ್ತು.

— ಆ ಬ್ಯಾಂಕು 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯ್ತು ಸಾರ್. ಮತ್ತೆ, ನೋಡಿಕೊಂಡು ಹೋಗೋಕೆ ಅವರು ಬರ್ತಿದ್ದಿದ್ದು ಬೆಂಗಳೂರಿನ ಫೈನಲ್‌ಗೆ. ಕೋಲಾರದ ಅಂಗಳಕ್ಕೆ ಯಾರು ಬಂದಿದ್ದರು?

— ಅದು ನಿಜ.

— ಅದಕ್ಕೇ ನಾನು ಹೇಳೋದು, ಗೆದ್ದ ತಂಡದವರ ಮೇಲೆ ಮಾತ್ರ ಕಣ್ಣು ಬೀಳೋ ಪದ್ಧತಿ ಇದು. ಫೈನಲ್ ಮುಗಿದ ಮೇಲೆ ಅತಿಥಿಗಳು ಬರ್ತಾರೆ, ‘ಉತ್ತಮ ಆಟಗಾರ’ ಅಂತ ಒಂದು ಷೀಲ್ಡು ಕೊಡ್ತಾರೆ. ಗೆದ್ದ ತಂಡದಲ್ಲಿ ಹೆಚ್ಚು ಪಾಯಿಂಟ್ ಹೊಡೆದವನಿಗೆ. ಇನ್ನು ಯಾರಿಗಾದರೂ ಕೊಟ್ಟಿದ್ದು ನೀವು ನೋಡಿದ್ದೀರಾ? ಅಟ್ಲಾಂಟಿಕ್ ಕೂಟದಲ್ಲಿ 2013ರಲ್ಲಿ ಒಂದು ತಮಾಷೆ ಆಯ್ತು. ಕ್ರೀಡಾ ಪತ್ರಕರ್ತರು ವರ್ಷದ ಆಟಗಾರ ಅಂತ ಆರಿಸಿದ್ದು ವರ್ಜೀನಿಯಾ ಟೆಕ್‌ನ ಎರಿಕ್ ಗ್ರೀನ್‌ನ. ಅವನ ತಂಡ ಕೂಟದಲ್ಲಿ ಕೊನೇ ಸ್ಥಾನ! ಹದಿನೆಂಟರಲ್ಲಿ ನಾಲ್ಕು ಗೆದ್ದಿತ್ತು. ಆದರೆ ಹುಡುಗ ಪಂದ್ಯಕ್ಕೆ ಸರಾಸರಿ 25 ಪಾಯಿಂಟ್ ಹೊಡೆದು ಇಡೀ ದೇಶಕ್ಕೆ ಮೊದಲಿಗ. ಕೋಚುಗಳು ಮಾತ್ರ ಒಪ್ಪಲಿಲ್ಲ, ಕೂಟ ಗೆದ್ದ ಮಯಾಮಿಯ ಷೇನ್ ಲಾರ್ಕಿನ್‌ಗೆ ತಮ್ಮ ಮತ ಹಾಕಿದರು. ಒಂದೇ ವರ್ಷಕ್ಕೆ ಇಬ್ಬರು ಉತ್ತಮ ಆಟಗಾರರು.

— ನಾನಾಗಿದ್ದರೆ ಲಾರ್ಕಿನ್‌ಗೇ ಹಾಕ್ತಿದ್ದೆ.

— ನಾನು ಗ್ರೀನ್‌ಗೆ.

— ಗೆಲ್ಲಿಸಲಾರದವನು ಉತ್ತಮ ಹೇಗಾಗ್ತಾನಮ್ಮ?

— ಜೊತೆಗಿರೋ ನಾಲ್ಕು ಜನ ಹೇಗಿದ್ದಾರೆ ಅನ್ನೋದು ಅವನ ಕೈಯಲ್ಲಿದೆಯಾ ಸಾರ್? ಶ್ರೀನಿವಾಸಪುರದ ಕಡೆ ನಾನು ಈಗ ಪಾಠ ಮಾಡೋ ಹೈಸ್ಕೂಲಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಎಡಗೈಯಲ್ಲೂ ಬಲಗೈಯಲ್ಲೂ ಲೇಅಪ್ ಹೊಡೀತಾಳೆ. ಮಾವಿನ ಸುಗ್ಗಿ ಬಂದರೆ ಅವಳ ತಂಡದಲ್ಲಿ ಅರ್ಧ ಜನ ತೋಪಿನಲ್ಲಿ ಇರ್ತಾರೆ. ಅವಳು ನಾಳೆ ಡಿಗ್ರಿ ಸೇರಿ ಸೋಲೋ ತಂಡದಲ್ಲೇ ಮೂರು ವರ್ಷ ಆಡ್ತಾಳೆ. ಗ್ರೀನ್‌ಗೆ ಸಿಕ್ಕ ನ್ಯಾಯ ಅವಳಿಗೆ ಬೇಡವಾ?

— ಬೇಕು. ಆದರೆ ಆ ನ್ಯಾಯ ಕೊಟ್ಟಿದ್ದು ಹದಿನೆಂಟು ಪಂದ್ಯ, ಕಪ್ ಅಲ್ಲ. ಮೊದಲ ದಿನವೇ ಸೋತು ಬಸ್ ಹತ್ತಿದ್ದರೆ ಗ್ರೀನ್ ಅನ್ನೋನು ಇದ್ದ ಅಂತಲೇ ಯಾರಿಗೂ ಗೊತ್ತಾಗ್ತಿರಲಿಲ್ಲ. ನಿನ್ನ ಹುಡುಗಿಗೋಸ್ಕರವೇ ನಾನು ಲೀಗ್ ಅಂತ ಬಾಯಿ ಬಡ್ಕೊಳ್ತಿರೋದು. ಇನ್ನೊಂದು ಕಷ್ಟ ಇದೆ, ಅದನ್ನ ನೀವು ಯಾರೂ ಯೋಚನೆ ಮಾಡಿಲ್ಲ. ನಮ್ಮ ಸ್ಕೋರ್‌ಶೀಟ್ ನೆನಪಿಸಿಕೋ.

— ನೆನಪೇನು, ಕಣ್ಣಿಗೆ ಕಟ್ಟಿದೆ. ನೀವೇ ಕೂರಿಸಿ ಬರೆಸಿದ್ದು. ಬಲಗಡೆ 1ರಿಂದ 160ರವರೆಗೆ ಅಂಕಿಗಳ ಸಾಲು. ಬಾಲ್ ರಿಂಗಿನೊಳಗೆ ಬಿದ್ದರೆ ಅಂಕಿಯ ಮೇಲೆ ಓರೆ ಗೆರೆ, ಪಕ್ಕದಲ್ಲಿ ಹಾಕಿದವರ ಜೆರ್ಸಿ ನಂಬರು. ಮೂರು ಪಾಯಿಂಟಿನದಾದರೆ ಆ ನಂಬರಿಗೆ ಒಂದು ಸುತ್ತು. ಫ್ರೀ ಥ್ರೋ ಆದರೆ ತುಂಬಿದ ಚುಕ್ಕೆ. ಎಡಗಡೆ ಹೆಸರುಗಳು, ಮುಂದೆ ಫೌಲಿಗೆ ಐದು ಚೌಕ. ಒಂದನೇ ಮೂರನೇ ಕ್ವಾರ್ಟರಿಗೆ ಕೆಂಪು ಶಾಯಿ, ಎರಡು ನಾಲ್ಕಕ್ಕೆ ನೀಲಿ. ಪೆನ್ನು ಬದಲಾಯಿಸೋಕೆ ಮರೆತು ಬೈಸಿಕೊಂಡಿದ್ದೀನಿ.

— ಅದರಲ್ಲಿ ರೀಬೌಂಡ್ ಬರೆಯೋ ಜಾಗ ಎಲ್ಲಿದೆ?

— ಇಲ್ಲ.

— ಪಾಸ್ ಕೊಟ್ಟು ಬುಟ್ಟಿ ಮಾಡಿಸಿದವಳಿಗೆ?

— ಇಲ್ಲ ಸಾರ್. ಬಾಲ್ ಕಿತ್ತುಕೊಂಡವಳಿಗೂ ಇಲ್ಲ. ಎದುರಾಳಿಯ ದೊಡ್ಡ ಆಟಗಾರ್ತಿಗೆ ಅಂಟಿಕೊಂಡು ನಿಂತು ಅವಳಿಗೆ ಬಾಲೇ ಸಿಗದ ಹಾಗೆ ಮಾಡಿದವಳಿಗಂತೂ ಶೀಟಿನಲ್ಲಿ ಸಿಗೋದು ಫೌಲು ಮಾತ್ರ.

— ಮತ್ತೆ ಉತ್ತಮ ಆಟಗಾರ ಅಂದರೆ ಹೆಚ್ಚು ಪಾಯಿಂಟಿನವನು ಅನ್ನದೆ ಇನ್ನೇನಂತಾರೆ? ಶೀಟ್ ಏನು ನೆನಪಿಟ್ಟುಕೊಳ್ಳುತ್ತೋ ಬಹುಮಾನ ಅದಕ್ಕೇ. ನಮ್ಮ ಹಳ್ಳಿ ಕಬಡ್ಡಿ ಟೂರ್ನಮೆಂಟಿನವರು ನಿಮಗಿಂತ ಬುದ್ಧಿವಂತರು. ಉತ್ತಮ ರೈಡರ್ ಬೇರೆ, ಉತ್ತಮ ಕ್ಯಾಚರ್ ಬೇರೆ, ಆಲ್‌ರೌಂಡರ್ ಬೇರೆ. ವಾಲಿಬಾಲ್‌ನಲ್ಲೂ ಹಾಗೇ, ಹೊಡೆಯೋನಿಗೆ ಒಂದು, ಬಾಲ್ ಎತ್ತಿ ಕೊಡೋನಿಗೆ ಒಂದು. ಮುಳಬಾಗಿಲ ಕಡೆ ಫ್ಲಡ್‌ಲೈಟ್ ಹಾಕಿಸಿ ರಾತ್ರಿಯೆಲ್ಲಾ ಆಡಿಸೋ ಕಬಡ್ಡಿಗೆ ಹೋಗಿ ನೋಡು. ಹಿಡಿಯೋನಿಗೆ ಹೊಡೆಯೋನಷ್ಟೇ ಶಿಳ್ಳೆ. ಬ್ಯಾಸ್ಕೆಟ್‌ಬಾಲ್ ಮಾತ್ರ ಯಾಕೋ ಬುಟ್ಟಿಗೆ ಹಾಕಿದವನ ಆಟ ಆಗಿಹೋಯ್ತು.

— ಹಾಗಾದರೆ ನಾವೂ ಮೂರು ನಾಲ್ಕು ಪ್ರಶಸ್ತಿ ಇಡೋಣ ಅಂತೀರಾ?

— ಬೇಡ. ಎರಡನೇ ಶೀಟು ಇಡಿ. ರೀಬೌಂಡು, ಪಾಸು, ಕಿತ್ತುಕೊಂಡಿದ್ದು, ಕಳೆದುಕೊಂಡಿದ್ದು. ಒಂದು ಪಂದ್ಯಕ್ಕೆ ಇಬ್ಬರು ಬರೆಯೋರು ಬೇಕು. ಒಬ್ಬರು ನೋಡಿ ಕೂಗಬೇಕು, ಇನ್ನೊಬ್ಬರು ತಲೆ ಎತ್ತದೆ ಗೀಟು ಹಾಕಬೇಕು.

— ಅದನ್ನ ಮಾಡಬಹುದು. ಲೀಗ್ ಮಾಡೋದು ಹೇಗೆ, ಅದನ್ನ ಹೇಳಿ. ಯೂನಿವರ್ಸಿಟಿಯವರು ಒಪ್ಪೋ ಮಾತಲ್ಲ.

— ಯೂನಿವರ್ಸಿಟಿಯನ್ನ ಯಾಕೆ ಎಳೀತೀಯ? ಜಿಲ್ಲೆಯಲ್ಲಿ ಆರು ತಾಲ್ಲೂಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಕೆ.ಜಿ.ಎಫ್. ತಾಲ್ಲೂಕಿಗೊಂದು ತಂಡ ಹಿಡಿ. ಒಂದೊಂದು ತಂಡಕ್ಕೆ ಹತ್ತು ಪಂದ್ಯ, ಐದು ಮನೆಯಲ್ಲಿ, ಐದು ಹೊರಗೆ. ಒಟ್ಟು ಮೂವತ್ತು. ಶನಿವಾರ ಮಧ್ಯಾಹ್ನ ಮೂರು ಊರಿನಲ್ಲಿ ಮೂರು ಪಂದ್ಯ, ಹತ್ತು ಶನಿವಾರಕ್ಕೆ ಮುಗೀತು. ಕೋಲಾರದಿಂದ ಯಾವ ತಾಲ್ಲೂಕಾದರೂ ಒಂದು ಗಂಟೆ ದಾರಿ. ಮಾಲೂರು ಬಂಗಾರಪೇಟೆಗೆ ರೈಲೂ ಇದೆ. ಊಟದ ಖರ್ಚಿಲ್ಲ, ಉಳಿಯೋ ಖರ್ಚಿಲ್ಲ. ನಾಕೌಟಿಗೆ ಎರಡು ದಿನ ಇಡೀ ಜಿಲ್ಲೆಯವರನ್ನ ಒಂದು ಕಡೆ ಸೇರಿಸಿ ಶಾಮಿಯಾನ, ಮೈಕು, ಚಿತ್ರಾನ್ನ, ಹಾರ ತುರಾಯಿ ಅಂತ ಸುರಿಯೋ ದುಡ್ಡಿನಲ್ಲಿ ಬಸ್ ಚಾರ್ಜು ಬಂದುಬಿಡುತ್ತೆ.

— ಮುಳಬಾಗಿಲಿನಿಂದ ಮಾಲೂರಿಗೆ ಒಂದು ಗಂಟೆಯಲ್ಲಿ ಹೇಗೆ ಸಾರ್? ಕೋಲಾರದಲ್ಲಿ ಬಸ್ ಬದಲಾಯಿಸಬೇಕು.

— ಆಯ್ತು, ಅದೊಂದು ಎರಡೂವರೆ ಗಂಟೆ. ಬೆಳಗ್ಗೆ ಹೊರಡಲಿ.

— ಅಟೆಂಡೆನ್ಸ್? ಇಂಟರ್ನಲ್ ಟೆಸ್ಟು? ಸೆಮಿಸ್ಟರ್ ಬಂದಮೇಲೆ ಹತ್ತು ಶನಿವಾರ ಒಟ್ಟಿಗೆ ಸಿಗೋದೇ ಅಪರೂಪ. ಮತ್ತೆ ಅಂಗಳಗಳ ಗತಿ ನಿಮಗೆ ಗೊತ್ತಲ್ಲ. ರಿಂಗಿನ ಎತ್ತರ 3.05 ಮೀಟರ್ ಇರಬೇಕು, ಹುಡುಗರು ಜೋತುಬಿದ್ದು ಜೋತುಬಿದ್ದು ಕೆಲವು ಕಡೆ ಮುಂದಕ್ಕೆ ಬಗ್ಗಿ ನಿಂತಿವೆ. ಬಲೆ ಅಂತೂ ಹಾಕಿದ ತಿಂಗಳಿಗೆ ಇರೋದಿಲ್ಲ.

— ಬಗ್ಗಿದ ರಿಂಗು ಬಗ್ಗಿದ ರಿಂಗೇ ಅಂತ ಗೊತ್ತಿದ್ದು ಆಡೋದು ಮನೆಯ ತಂಡದ ಲಾಭ. ಅದಕ್ಕೇ ತಾನೆ ಒಂದು ಪಂದ್ಯ ಇಲ್ಲಿ, ಒಂದು ಅಲ್ಲಿ ಅನ್ನೋದು. ಎರಡೂ ಕಡೆ ಬುಟ್ಟಿ ಹಾಕಿದವಳು ನಿಜವಾದ ಶೂಟರ್. ಹತ್ತು ಶನಿವಾರ ಸಿಗದಿದ್ದರೆ ಐದೇ ಆಡಿಸಿ, ಎದುರುಬದುರು ಒಂದೊಂದೇ ಸಲ. ಒಂದಕ್ಕಿಂತ ಐದು ಮೇಲಲ್ಲವಾ?

— ಕಪ್ ಕೊಡಿಸ್ತೀನಿ ಅಂತ ಮಾಲೂರಿನ ಒಬ್ಬರು ಇಟ್ಟಿಗೆ ಗೂಡಿನವರು ಮಾತು ಕೊಟ್ಟಿದ್ದಾರೆ. ಬೆಳ್ಳಿ ಕಪ್. ಅವರಿಗೆ ಏನು ಹೇಳಲಿ?

— ಬೆಳ್ಳಿ ಬೇಡ, ಆರು ತಂಡಕ್ಕೆ ಎರಡೆರಡು ಒಳ್ಳೆ ಬಾಲು, ಬಸ್ ಚಾರ್ಜು ಕೊಡಿ ಅನ್ನು.

— ಕಪ್ಪಿನ ಮೇಲೆ ಅವರ ತಂದೆ ಹೆಸರು ಕೆತ್ತಿಸಬೇಕಂತೆ.

— ಲೀಗಿಗೇ ಇಟ್ಟುಬಿಡೋಣ ಅವರ ತಂದೆ ಹೆಸರನ್ನ. ಕಪ್ಪು ಗೆದ್ದವರ ಮನೆ ಷೋಕೇಸಿನಲ್ಲಿ ಕೂರುತ್ತೆ. ಲೀಗಿನ ಹೆಸರನ್ನ ಪ್ರತಿ ಶನಿವಾರ ಆರು ಊರಲ್ಲಿ ಹೇಳ್ತಾರೆ. ವ್ಯಾಪಾರಸ್ಥರಿಗೆ ಈ ಲೆಕ್ಕ ನಮಗಿಂತ ಬೇಗ ಅರ್ಥ ಆಗುತ್ತೆ.

— ಅಂದರೆ ಪ್ರಶಸ್ತಿ ಬೇಡವೇ ಬೇಡ ಅಂತಲಾ ಸಾರ್? ನಿಜ ಹೇಳಿ, ಒಬ್ಬರ ಹೆಸರು ಕರೆಯೋದು ನಿಮಗೆ ಇಷ್ಟ ಇಲ್ಲ.

— ಇಷ್ಟ ಇಲ್ಲದೇ ಇರೋದೂ ನಿಜ. ನನಗೆ ಕಲಿಸಿದವರು ಮದ್ರಾಸಿನ ವೈ.ಎಂ.ಸಿ.ಎ. ಕಾಲೇಜಿನಲ್ಲಿ ತರಬೇತಿ ಆದವರು, 1920ರಲ್ಲಿ ಹ್ಯಾರಿ ಬಕ್ ಶುರು ಮಾಡಿದ ಕಾಲೇಜು. ಈ ಆಟ ಹುಟ್ಟಿದ್ದೂ ವೈ.ಎಂ.ಸಿ.ಎ.ಯಲ್ಲೇ, 1891ರ ಡಿಸೆಂಬರಿನಲ್ಲಿ ನೈಸ್ಮಿತ್ ಮೇಷ್ಟ್ರು ಹಣ್ಣಿನ ಬುಟ್ಟಿ ತೂಗುಹಾಕಿ ಆಡಿಸಿದ್ದು. ನಮ್ಮ ಗುರುಗಳು ಬಹುಮಾನದ ದಿನ ಐದು ಜನರನ್ನೂ ಒಟ್ಟಿಗೆ ಕರೀತಿದ್ದರು. ಒಬ್ಬನ ಹೆಸರು ಹೇಳಿ ಅಂದರೆ ಮುಖ ಸಿಂಡರಿಸ್ತಿದ್ದರು. ಆ ಚಾಳಿ ನನಗೂ ಬಂದಿದೆ.

— ಅವರು ಕರೆದ ಐದು ಜನರ ಹೆಸರು ಈಗ ಯಾರಿಗಾದರೂ ನೆನಪಿದೆಯಾ ಸಾರ್? ಹೆಮ್ರಿಕ್ ಹೆಸರು ಎಪ್ಪತ್ತು ವರ್ಷ ಆದಮೇಲೆ ಕೋಲಾರದಲ್ಲಿ ಕೂತು ನಾನು ಹೇಳ್ತಿದ್ದೀನಿ. ಅದು ಯಾಕೆ ಅಂದರೆ ಪ್ರತಿ ವರ್ಷ ಒಂದು ಹೆಸರು ಬರೆದಿಟ್ಟರು. ನಮ್ಮ ಜಿಲ್ಲೆಯಲ್ಲಿ ನಿಮ್ಮ ಕಾಲಕ್ಕೆ ಯಾರು ಚೆನ್ನಾಗಿ ಆಡಿದರು ಅಂತ ಕೇಳಿದರೆ ನಿಮ್ಮ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

— ಹೂಂ.

— ಹೂಂ ಅಂದರೆ ಆಗಲಿಲ್ಲ.

— ಆಯ್ತಮ್ಮ, ಬರೆದಿಡಿ. ಲೀಗ್ ಮುಗಿದ ಮೇಲೆ. ಆರು ಕಾಲೇಜಿನ ಫಿಜಿಕಲ್ ಡೈರೆಕ್ಟರುಗಳು ಮತ ಹಾಕಲಿ, ಆದರೆ ತಮ್ಮ ಕಾಲೇಜಿನವರಿಗೆ ಹಾಕೋ ಹಾಗಿಲ್ಲ. ಕೈಯಲ್ಲಿ ಎರಡೂ ಶೀಟು ಇರಲಿ. ಅತಿಥಿಗಳಿಗೆ, ದಾನಿಗಳಿಗೆ, ನನಗೆ, ಯಾರಿಗೂ ಮತ ಇಲ್ಲ.

— ನಾಯಕರ ಮತವೂ ಇರಲಿ ಸಾರ್. ಎದುರು ನಿಂತು ಆಡಿದವರಿಗೆ ಗೊತ್ತಿರೋದು ಬೆಂಚಿನಿಂದ ಕಾಣೋದಿಲ್ಲ. ಯಾರನ್ನ ಹಿಡಿಯೋಕೆ ಆಗಲಿಲ್ಲ ಅಂತ ಕೇಳಿದರೆ ಹುಡುಗಿಯರು ಥಟ್ಟನೆ ಹೇಳ್ತಾರೆ.

— ಅದು ಒಳ್ಳೇ ಮಾತು. ಹನ್ನೆರಡು ಮತ. ಹೆಣ್ಣುಮಕ್ಕಳ ಪಂದ್ಯ ಮೊದಲು ಆಡಿಸಬೇಕು ನೋಡು, ಒಂದೂವರೆಗೆ ಶುರು ಮಾಡಿದರೆ ಮೂರಕ್ಕೆ ಮುಗಿಯುತ್ತೆ, ಕತ್ತಲಾಗೋದರೊಳಗೆ ಮನೆ ಸೇರ್ತಾರೆ. ಐದು ಗಂಟೆಗೆ ಇಟ್ಟರೆ ಯಾವ ಅಪ್ಪ ಕಳಿಸ್ತಾನೆ?

— ಹುಡುಗರು ಗೊಣಗ್ತಾರೆ. ಉರಿಬಿಸಿಲಲ್ಲಿ ಒಂದು ಗಂಟೆಗೇ ಬಂದು ತಮ್ಮ ಮ್ಯಾಚ್ ತನಕ ಕಾಯ್ಬೇಕು ಅಂತ.

— ಸುಮ್ಮನೆ ಯಾಕೆ ಕಾಯ್ತಾರೆ? ಎರಡನೇ ಶೀಟು ಬರೆಯೋಕೆ ಇಬ್ಬರು ಬೇಕು ಅಂದೆನಲ್ಲ, ಹೆಣ್ಣುಮಕ್ಕಳ ಪಂದ್ಯಕ್ಕೆ ಅವರನ್ನೇ ಕೂರಿಸು. ಕೆಂಪು ಪೆನ್ನು ಎರಡು ಜಾಸ್ತಿ ಇಟ್ಟುಕೊಂಡಿರು, ಕಳೆದುಹಾಕ್ತಾರೆ.